ಸೊಂಟಕ್ಕೊಂದು ಸಣ್ಣ ರಿವಾಲ್ವರ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಮಂಡ್ಯದ ಹತ್ತಿರ ಒಂದು ಆಲೆಮನೆ. ಮಾಲೀಕರು ಬೆಲ್ಲದ ಮೂಟೆಗೆ ಕೈ ಕೊಡಲು ಬಗ್ಗಿದರು. ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ರಿವಾಲ್ವರ್ ಜಾರಿ ಕಬ್ಬಿನ ಸಿಪ್ಪೆಯ ರಾಶಿ ಮೇಲೆ ಬಿತ್ತು. ಪುಣ್ಯಕ್ಕೆ ಗುಂಡು ಹಾರಲಿಲ್ಲ. ಒಲೆಗೆ ಸಿಪ್ಪೆ ತಳ್ಳುತ್ತಿದ್ದ ಹುಡುಗ ಎದ್ದು ಓಡಿದವನು ಅರ್ಧ ಗಂಟೆ ವಾಪಸ್ ಬರಲಿಲ್ಲ.

"ಚಿಕ್ಕದು ಅಂತ ತಗಂಡೆ ಕಣ್ ಸಾ. ಎಲ್ ಬೇಕಾದ್ರೂ ಸಿಗಿಸ್ಕೋಬೋದು ಅಂತ" ಅಂದರು ಮಾಲೀಕರು.

ನಾನು 22 ವರ್ಷ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ಬಿಚ್ಚಿ ಜೋಡಿಸಿದವನು. ನಿವೃತ್ತಿಯಾದ ಮೇಲೆ ಲೈಸೆನ್ಸ್ ಸಿಕ್ಕವರು ಅಂಗಡಿಗೆ ಜೊತೆಗೆ ಬನ್ನಿ ಎನ್ನುತ್ತಾರೆ. ಜಾಸ್ತಿ ಜನ ಕರೆಯುವುದು ದುಡ್ಡು ಕೊಟ್ಟು ಬಂದ ಮೇಲೆ. ಆಗ ನಾನು ಮಾಡುವುದು ಏನೂ ಉಳಿದಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಕಾಗದ ಪತ್ರ

ಮೈಸೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಮಂಡ್ಯದವರು ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. 21 ವರ್ಷ ತುಂಬಿರಬೇಕು. ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಪೊಲೀಸ್ ಇಲಾಖೆಯವರು ಆಗಾಗ ನಾಗರಿಕ ಬಂದೂಕು ತರಬೇತಿ ನಡೆಸುತ್ತಾರೆ, ಅದಕ್ಕೆ ಸೇರಿಕೊಳ್ಳಿ. ಸರ್ಟಿಫಿಕೇಟಿಗಾಗಿ ಸುಮ್ನೆ ಹೋಗಿ ಕೂತು ಬರಬೇಡಿ, ಕಲಿತು ಬನ್ನಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ಇಷ್ಟು ಸಾಕು. ಉಳಿದದ್ದನ್ನು ಕಚೇರಿಯ ಗುಮಾಸ್ತರೇ ಹೇಳುತ್ತಾರೆ, ನಾಲ್ಕು ಸಲ ಓಡಾಡಿಸಿ.

2. ಏನು ಸಿಗುತ್ತದೆ, ಏನು ಸಿಗಲ್ಲ

ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿಕೊಂಡು ಬರುತ್ತಾರೆ. ಐದು ಗುಂಡಿನ ಪುಟ್ಟ ಸ್ಮಿತ್ ಆ್ಯಂಡ್ ವೆಸನ್ ಬೇಕು ಎನ್ನುತ್ತಾರೆ. ಅದು .38 ಬೋರ್. ಬೋರ್ ಅಂದರೆ ಗುಂಡು ಹೊರಬರುವ ನಳಿಗೆಯ ತೂತಿನ ಅಳತೆ. ನಮ್ಮಲ್ಲಿ .38, 9 ಎಂಎಂ ಎಲ್ಲ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ನಮಗೆ ಮುಖ್ಯವಾಗಿ ಇರುವುದು .32, ಬಿಟ್ಟರೆ .22. ಹಳೇ ಕಾಲದಲ್ಲಿ ಬಂದ ವಿದೇಶಿ .32ಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಓಡಾಡುತ್ತಿವೆ. ಹೆಸರಿಗೆ ದುಡ್ಡು ಸುರಿಯಬೇಡಿ. ಬಿಡಿ ಭಾಗ ಮುರಿದರೆ ತರುವುದು ಎಲ್ಲಿಂದ?

ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರೇ ನಮ್ಮ ಕಡೆ ಜಾಸ್ತಿ ಕಾಣುವುದು. ಹಳೇ ಬ್ರಿಟಿಷ್ ವೆಬ್ಲಿ ರಿವಾಲ್ವರಿನ ಮಾದರಿಯದು, ಚಿಲಕ ಒತ್ತಿದರೆ ನಡು ಮುರಿದ ಹಾಗೆ ಬಾಗುತ್ತದೆ, ಆರೂ ಖಾಲಿ ತೋಟಾಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. 2014ರಲ್ಲಿ ಹೆಂಗಸರಿಗೆಂದೇ ತಂದ ನಿರ್ಭೀಕ್ ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕೆಜಿ ತೂಕ, ಬಂದಾಗಿನ ಬೆಲೆ 1,22,360 ರೂಪಾಯಿ. 2023ರಲ್ಲಿ ಬಂದ ಪ್ರಬಲ್ ಸುಮಾರು 700 ಗ್ರಾಂ, 76 ಮಿಲಿಮೀಟರ್ ನಳಿಗೆ. ಅದರ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಬಾಗಿಲಿನ ಹಾಗೆ ಪಕ್ಕಕ್ಕೆ ತೆರೆಯುತ್ತದೆ. ನನ್ನನ್ನು ಕೇಳಿದರೆ ಪಕ್ಕಕ್ಕೆ ತೆರೆಯುವುದೇ ಒಳ್ಳೆಯದು. ಚೌಕಟ್ಟು ಒಂದೇ ತುಂಡು, ವರ್ಷ ಕಳೆದರೂ ಕೀಲು ಸಡಿಲವಾಗುವ ತಲೆನೋವಿಲ್ಲ.

ಇನ್ನು ತೂಕ. ಹಗುರ ಅಂದರೆ ಸುಖ ಅಂದುಕೊಳ್ಳುತ್ತಾರೆ. ಹೊತ್ತು ತಿರುಗಲು ಸುಖ ನಿಜ, ಹೊಡೆಯಲು ಅಲ್ಲ. ಅದೇ ಗುಂಡು ಹಗುರ ರಿವಾಲ್ವರಿನಲ್ಲಿ ಕೈಯನ್ನು ಜಾಸ್ತಿ ಒದೆಯುತ್ತದೆ. .32 ಅಷ್ಟೇನೂ ಒದೆಯುವ ಗುಂಡಲ್ಲ, ಆದರೂ ಎರಡನೇ ಗುಂಡಿಗೆ ಗುರಿ ವಾಪಸ್ ತರುವಾಗ ವ್ಯತ್ಯಾಸ ಗೊತ್ತಾಗುತ್ತದೆ.

3. ಅಂಗಡಿಗೆ ದಿನಾ ಹಾಕುವ ಬಟ್ಟೆಯಲ್ಲೇ ಹೋಗಿ

ಪಂಚೆ ಉಡುವವರು ಪಂಚೆಯಲ್ಲೇ ಬನ್ನಿ, ಚೂಡಿದಾರದವರು ಚೂಡಿದಾರದಲ್ಲೇ. ಅಂಗಡಿಗೆ ಅಂತ ಪ್ಯಾಂಟು ಹಾಕಿಕೊಂಡು ಬಂದು, ಮನೆಗೆ ಹೋಗಿ ಪಂಚೆ ಉಟ್ಟರೆ ಲೆಕ್ಕ ಪೂರ್ತಿ ತಪ್ಪುತ್ತದೆ.

4. ಕೌಂಟರಿನ ಮುಂದೆ

ಎಲ್ಲರೂ ಎಡವುವುದು ಇಲ್ಲೇ. ಕೈಗೆ ತೆಗೆದುಕೊಂಡು, ಒಂದು ಸಲ ಗುರಿ ಹಿಡಿದ ಹಾಗೆ ಮಾಡಿ, "ಚೆನ್ನಾಗಿದೆ, ಪ್ಯಾಕ್ ಮಾಡಿ" ಎನ್ನುತ್ತಾರೆ. ಸೀರೆ ಕೊಳ್ಳುವಾಗ ಇದಕ್ಕಿಂತ ಜಾಸ್ತಿ ಹೊತ್ತು ನೋಡುತ್ತೇವೆ, ಅಲ್ವಾ?

ಮೊದಲು ತೆರೆದು ನೋಡಿ. ಆರು ತೂತು, ಆರೂ ಖಾಲಿ. ಕಣ್ಣಲ್ಲಿ ನೋಡಿದ್ದು ಸಾಲದು, ಕಿರುಬೆರಳು ಆಡಿಸಿ. ಅಂಗಡಿಯವರು "ಖಾಲಿನೇ ಸಾರ್" ಎಂದರೂ ನೋಡಿ. ನಳಿಗೆ ಯಾರ ಕಡೆಗೂ ತಿರುಗದಿರಲಿ. ಗುಂಡಿಲ್ಲದೆ ಟ್ರಿಗರ್ ಎಳೆಯಲು ಅಂಗಡಿಯವರ ಒಪ್ಪಿಗೆ ಕೇಳಿ. .32ಕ್ಕೆ ಡಮ್ಮಿ ತೋಟಾ (ಮದ್ದಿಲ್ಲದ ಸುಳ್ಳು ತೋಟಾ) ಹಾಕಿ ಎಳೆದರೆ ಒಳ್ಳೆಯದು. .22 ಆದರೆ ಖಾಲಿ ಎಳೆಯಲೇಬೇಡಿ. ಅದರ ಪಿನ್ನು ತೋಟಾದ ಅಂಚಿಗೆ ಹೊಡೆಯುವಂಥದ್ದು. ತೋಟಾ ಇಲ್ಲದಿದ್ದರೆ ತೂತಿನ ಅಂಚಿಗೇ ಬಡಿದು ಎರಡೂ ಹಾಳಾಗುತ್ತವೆ.

ಈಗ ಟ್ರಿಗರ್. ಹ್ಯಾಮರನ್ನು, ಅಂದರೆ ಹಿಂದುಗಡೆ ಇರುವ ಬಡಿಯುವ ಸುತ್ತಿಗೆಯನ್ನು, ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ಹೊಡೆದರೆ ಟ್ರಿಗರ್ ಹಗುರ, ಬೆಣ್ಣೆಯ ಹಾಗೆ. ಅಂಗಡಿಯಲ್ಲಿ ಎಲ್ಲರೂ ಪರೀಕ್ಷೆ ಮಾಡುವುದು ಹೀಗೇ. ಆದರೆ ಆಪತ್ತಿನಲ್ಲಿ ಹ್ಯಾಮರ್ ಎಳೆಯುತ್ತಾ ಕೂರಲು ಆಗುತ್ತದೆಯೇ? ಆಗ ಟ್ರಿಗರ್ ಒಂದನ್ನೇ ಪೂರ್ತಿ ಎಳೆಯಬೇಕು. ಅದೇ ಡಬಲ್ ಆ್ಯಕ್ಷನ್. ಒಳ್ಳೆಯ ರಿವಾಲ್ವರಿನಲ್ಲೂ ಇದಕ್ಕೆ ಸುಮಾರು 5 ಕೆಜಿ ಬಲ ಬೇಕು. ಐದು ಕೆಜಿ ಅಕ್ಕಿ ಚೀಲವನ್ನು ಒಂದೇ ತೋರುಬೆರಳಿಂದ ಎತ್ತಿದ ಹಾಗೆ.

ಹೀಗೆ ಹತ್ತು ಸಲ ಎಳೆಯಿರಿ. ಒಂದೇ ಕೈಯಲ್ಲಿ ಐದು, ಎರಡು ಕೈಯಲ್ಲಿ ಐದು. ಮೈಸೂರಿನಲ್ಲಿ ಕ್ಲಿನಿಕ್ ಇಟ್ಟಿರುವ ಒಬ್ಬರು ಮೇಡಂ ಅತಿ ಹಗುರದ ಒಂದು ರಿವಾಲ್ವರ್ ಮೆಚ್ಚಿಕೊಂಡಿದ್ದರು. ನಾಲ್ಕನೇ ಎಳೆತಕ್ಕೆ ಬೆರಳು ನಡುಗಿತು. ಆರನೆಯದಕ್ಕೆ ಎರಡು ಬೆರಳು ಹಾಕಿದರು. ಹಿಡಿ ದಪ್ಪವಾಗಿದ್ದರಿಂದ ಬೆರಳ ತುದಿ ಮಾತ್ರ ಟ್ರಿಗರಿಗೆ ತಾಗುತ್ತಿತ್ತು. ತೆಳು ಹಿಡಿಯ ಇನ್ನೊಂದನ್ನು ಕೊಡಿಸಿದೆ, 200 ಗ್ರಾಂ ಜಾಸ್ತಿ ತೂಕದ್ದು. ಅದನ್ನು ಹತ್ತು ಸಲವೂ ಎಳೆದರು. ಟ್ರಿಗರ್ ಮೇಲೆ ಬೆರಳಿನ ಮೊದಲ ಗೆಣ್ಣು ಆರಾಮಾಗಿ ಕೂರಬೇಕು. ಕೂರದಿದ್ದರೆ ಆ ರಿವಾಲ್ವರ್ ನಿಮ್ಮದಲ್ಲ, ಎಷ್ಟೇ ಚೆಂದ ಇರಲಿ.

ಒಂದು ರೂಪಾಯಿ ನಾಣ್ಯವನ್ನು ನಳಿಗೆಯ ಮೇಲೆ, ಗುರಿ ನೋಡುವ ಮುಂದಿನ ಸೈಟಿನ ಹಿಂದೆ ಇಡಿ. ಟ್ರಿಗರ್ ಎಳೆಯಿರಿ. ನಾಣ್ಯ ಬೀಳದಿದ್ದರೆ ಆ ರಿವಾಲ್ವರಿಗೂ ನಿಮಗೂ ಹೊಂದಿಕೆ ಇದೆ. ಮೊದಲ ದಿನ ಬಿದ್ದೇ ಬೀಳುತ್ತದೆ, ಬೇಜಾರಾಗಬೇಡಿ. ಎರಡು ರಿವಾಲ್ವರಲ್ಲಿ ಯಾವುದರ ಮೇಲೆ ಕಮ್ಮಿ ಸಲ ಬಿತ್ತು ಅಂತ ನೋಡಿ.

ಆಮೇಲೆ ಸಿಲಿಂಡರ್. ಟ್ರಿಗರನ್ನು ಪೂರ್ತಿ ಎಳೆದು ಹಾಗೇ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಸಿಲಿಂಡರ್ ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ. ಹಲ್ಲು ಅಲ್ಲಾಡಿದ ಹಾಗೆ ಆಡಿದರೆ ಬೇಡ. ತೂತೂ ನಳಿಗೆಯೂ ನೇರ ಕೂರದಿದ್ದರೆ ಗುಂಡಿನ ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಹ್ಯಾಮರನ್ನು ನಿಧಾನಕ್ಕೆ ಎಳೆಯುತ್ತಾ, ಸಿಲಿಂಡರ್ ಮೇಲೆ ಬೆರಳಿಟ್ಟು ಸ್ವಲ್ಪ ತಡೆಯಿರಿ. ಹ್ಯಾಮರ್ ಕೊನೆ ಮುಟ್ಟುವಷ್ಟರಲ್ಲಿ ಸಿಲಿಂಡರ್ ಟಕ್ ಅಂತ ಕೂತಿರಬೇಕು. ಆರು ತೂತಿಗೂ ಇದನ್ನು ಮಾಡಿ. ಐದು ಸರಿಯಿದ್ದು ಒಂದು ಕೈಕೊಡುವುದೇ ಜಾಸ್ತಿ. ಅಂಗಡಿಯವರು ಗಡಿಯಾರ ನೋಡಲಿ ಬಿಡಿ.

ನಡು ಬಾಗುವ ಮಾದರಿಯಾದರೆ ಚಿಲಕ ಹಾಕಿ ನಳಿಗೆಯನ್ನು ಒಂದು ಕೈಯಲ್ಲಿ, ಹಿಡಿಯನ್ನು ಇನ್ನೊಂದರಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಟಿಕ್ ಟಿಕ್ ಸದ್ದು ಬಂದರೆ ವಾಪಸ್ ಕೊಟ್ಟುಬಿಡಿ. ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಈ ಸದ್ದು ಸಾಮಾನ್ಯ. ಗ್ರೀಸ್ ಮೆತ್ತಿ ಸದ್ದು ಮುಚ್ಚುವವರೂ ಇದ್ದಾರೆ, ಒರೆಸಿ ನೋಡಿ.

ಕೊನೆಗೆ ಹ್ಯಾಮರಿನ ಬಾಲ. ಹೊರಗೆ ಚಾಚಿಕೊಂಡ ಚೂಪು ಬಾಲ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಮುಖ್ಯವಾಗಿ ಹೆಣೆದ ಬನಿಯನ್ನಿಗೆ, ವೇಲಿಗೆ. ದಿನಾ ಹಾಕುವ ಬಟ್ಟೆಯಲ್ಲಿ ಬನ್ನಿ ಎಂದದ್ದು ಇದಕ್ಕೂ ಸೇರಿ. ಹಾಗಂತ ಊರಿನ ಲೇತ್ ಅಂಗಡಿಯಲ್ಲಿ ಬಾಲ ಉಜ್ಜಿಸಬೇಡಿ. ಹ್ಯಾಮರಿನ ತೂಕ ಇಳಿದು ಹೊಡೆತ ಕುಗ್ಗಿ, ತೋಟಾ ಹೊತ್ತಿಕೊಳ್ಳದೇ ಹೋದ ರಿವಾಲ್ವರ್ ನನ್ನ ಟೇಬಲ್ಲಿಗೆ ಬಂದಿದೆ.

ಬಿದ್ದರೆ ಹಾರದ ಹಾಗೆ ಒಳಗೆ ತಡೆ ಇದೆಯಾ ಎಂದು ಕೇಳಿ. ತೀರಾ ಹಳೆಯವುಗಳಲ್ಲಿ ಹ್ಯಾಮರಿನ ಮೂತಿ ನೇರ ಗುಂಡಿನ ಮೇಲೇ ಕೂತಿರುತ್ತದೆ. ಅಂಥದ್ದನ್ನು ಹ್ಯಾಮರ್ ಕೆಳಗಿನ ತೂತು ಖಾಲಿ ಬಿಟ್ಟು ಐದೇ ಗುಂಡು ಹಾಕಿ ಇಟ್ಟುಕೊಳ್ಳಬೇಕು. ಆಲೆಮನೆಯ ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ.

5. ಹೋಲ್‌ಸ್ಟರ್

2016ರ ಶಸ್ತ್ರ ನಿಯಮದ ಪ್ರಕಾರ ನಾಲ್ಕು ಜನರ ನಡುವೆ ರಿವಾಲ್ವರ್ ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ, ನಿಮ್ಮ ಹಿಡಿತದಲ್ಲೇ ಇರಬೇಕು. ತೋರಿಸಿ ಝಳಪಿಸುವಂತಿಲ್ಲ. ಹಾಗಾಗಿ ಪಂಚೆ ಮಡಿಕೆ ಅಪಾಯ ಮಾತ್ರ ಅಲ್ಲ, ತಪ್ಪು ಕೂಡ.

ಅಗ್ಗದ ನೈಲಾನ್ ಚೀಲ ಕೊಳ್ಳಲೇಬೇಡಿ. ಎರಡು ತಿಂಗಳಿಗೆ ಬಾಯಿ ಜೋತುಬೀಳುತ್ತದೆ, ಬಟ್ಟೆಯ ಅಂಚು ಟ್ರಿಗರಿಗೆ ನುಗ್ಗುತ್ತದೆ. ದಪ್ಪ ಚರ್ಮದ್ದೇ ಇರಲಿ, ಟ್ರಿಗರ್ ಪೂರ್ತಿ ಮುಚ್ಚಬೇಕು. ಅದಕ್ಕೆ ಗಟ್ಟಿ ಬೆಲ್ಟು. ಪಂಚೆಯವರು ಒಳಚಡ್ಡಿಯ ಮೇಲೆ ಅಗಲ ಬೆಲ್ಟ್ ಕಟ್ಟಿ, ಅದಕ್ಕೆ ಹೋಲ್‌ಸ್ಟರ್ ಹಾಕಿ, ಮೇಲೆ ಅಂಗಿ ಇಳಿಬಿಡಿ. ನಮ್ಮ ಹಳ್ಳಿ ಕಡೆಯ ದೊಡ್ಡ ಜೇಬಿನ ಪಟ್ಟಾಪಟ್ಟಿ ಚಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು ಎನ್ನುವವರಿದ್ದಾರೆ. ಅಲ್ಲ. ಆ ಜೇಬಿನಲ್ಲಿ ಬೀಗದ ಕೈ, ಸುಣ್ಣದ ಡಬ್ಬಿ ಎಲ್ಲ ಇರುತ್ತವೆ. ವ್ಯಾನಿಟಿ ಬ್ಯಾಗಿಗೂ ಇದೇ ಮಾತು. ರಿವಾಲ್ವರ್ ಇಟ್ಟ ಅರೆಯಲ್ಲಿ ಬೇರೆ ಏನೂ ಬೇಡ, ಮತ್ತೆ ಆ ಬ್ಯಾಗನ್ನು ಮದುವೆ ಮನೆಯಲ್ಲಿ ಕುರ್ಚಿಗೆ ನೇತುಹಾಕಿ ಊಟಕ್ಕೆ ಹೋಗಬೇಡಿ.

6. ಎಣ್ಣೆ

ಬೇಸಿಗೆಯ ಬೆವರಿಗೆ ವಾರದಲ್ಲೇ ತುಕ್ಕು ಹಿಡಿಯುತ್ತದೆ. ಸಂಜೆ ಗುಂಡು ತೆಗೆದು, ಬಟ್ಟೆಯಲ್ಲಿ ಒರೆಸಿ, ಗನ್ ಆಯಿಲ್ ತೆಳ್ಳಗೆ ಸವರಿ. ಇಲ್ಲದಿದ್ದರೆ ಹೊಲಿಗೆ ಮಷೀನಿನ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗಿ ಆಮೇಲೆ ಅಂಟಾಗುತ್ತದೆ.

ನಮ್ಮ ಕಡೆ ಇನ್ನೊಂದು ಕಾಟ ಆಯುಧ ಪೂಜೆ. ದಸರಾ ಮುಗಿದ ಮರುವಾರ ಮೈಸೂರಿನ ಚಿನ್ನದ ಅಂಗಡಿಯವರೊಬ್ಬರು ರಿವಾಲ್ವರ್ ತಂದರು. ಸಿಲಿಂಡರ್ ತಿರುಗುತ್ತಿರಲಿಲ್ಲ. ಬಿಚ್ಚಿದರೆ ಹಲ್ಲಿನ ಸಂದಿಗೆಲ್ಲ ಕುಂಕುಮ, ಎಣ್ಣೆಯಲ್ಲಿ ಕಲೆತು ಕೆಂಪು ಮೇಣದ ಹಾಗೆ ಕೂತಿತ್ತು. ನಳಿಗೆಯ ಮೇಲೆ ನಿಂಬೆ ರಸ ಬಿದ್ದ ಕಡೆ ಬೆರಳಗಲ ತುಕ್ಕು. ಟೂತ್‌ಬ್ರಷ್ಷು, ಸೀಮೆಎಣ್ಣೆ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ತಿಕ್ಕಿದೆ. ಈಗ ಅವರ ಮನೆಯಲ್ಲಿ ಕುಂಕುಮ, ಹೂವು ಎಲ್ಲ ಖಾಲಿ ಹೋಲ್‌ಸ್ಟರಿಗೆ. ರಿವಾಲ್ವರ್ ಬೀರುವಿನಲ್ಲೇ ಇರುತ್ತದೆ.