ಹುಣಸೆ ಬೀಜ ಎಸೆದು ಸಂಭವನೀಯತೆ ಕಲಿಯುವುದು ಹೇಗೆ?

ತೀರ್ಥಹಳ್ಳಿ ಕಡೆ ಜುಲೈನಲ್ಲಿ ಗಾಳಿ ಮಳೆ ಹಿಡಿದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವವರಿಲ್ಲ. ಅಂಥ ಒಂದು ಸಂಜೆ ಅಣ್ಣನ ಮಗಳು, "ಚಿಕ್ಕಪ್ಪಾ, ಸ್ವತಂತ್ರ ಘಟನೆ, ಅವಲಂಬಿತ ಘಟನೆ ಅಂದ್ರೆ ಏನು?" ಅಂತ ಪುಸ್ತಕ ಹಿಡಿದು ಬಂದಳು. ಪುಸ್ತಕ ಮುಚ್ಚಿಸಿ ಚೌಕಾಬಾರದ ಡಬ್ಬಿ ತೆಗೆದೆ.

ಮೊದಲು ಒಂದು ಹುಣಸೆ ಬೀಜ ತಗೊಳ್ಳಿ. ಒಂದು ಬದಿಯನ್ನು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ಉಜ್ಜಿ. 50 ಸಲ ಎಸೆದು, ಬಿದ್ದದ್ದು ಬಿಳಿಯೋ ಕಪ್ಪೋ ಅಂತ ಸಾಲಾಗಿ ಬರೆಯುತ್ತಾ ಹೋಗಿ. ನಮಗೆ ಒಂದು ಕಡೆ ನಾಲ್ಕು ಸಲ ಕಪ್ಪೇ ಬಿತ್ತು. "ಈಗ ಬಿಳಿ ಬರ್ಲೇಬೇಕು" ಅಂದಳು. ಯಾಕೆ ಬರಬೇಕು? ಹಿಂದೆ ಏನು ಬಿದ್ದಿತ್ತು ಅಂತ ಬೀಜಕ್ಕೇನು ಗೊತ್ತು? ಬೇಕಾದರೆ ಪಟ್ಟಿಯಲ್ಲಿ ಕಪ್ಪಿನ ಬೆನ್ನಿಗೇ ಬಂದ ಎಸೆತಗಳನ್ನಷ್ಟೇ ಬೇರೆ ಎಣಿಸಿ ನೋಡಿ, ಅಲ್ಲೂ ಬಿಳಿಯ ಪಾಲು ಹೆಚ್ಚುಕಮ್ಮಿ ಒಟ್ಟು ಪಟ್ಟಿಯಲ್ಲಿ ಇದ್ದಷ್ಟೇ ಇರುತ್ತದೆ. ಇದೇ ಸ್ವತಂತ್ರ ಘಟನೆ. ಅಂದಹಾಗೆ, ಉಜ್ಜಿದ ಬೀಜ ನಾಣ್ಯದ ಹಾಗೆ ಸಮಸಮ ಬೀಳಬೇಕೆಂದೇನೂ ಇಲ್ಲ. ಒಂದು ಬದಿಗೇ ಜಾಸ್ತಿ ಬೀಳಲಿ, ಆದರೂ ಎಸೆತಗಳು ಸ್ವತಂತ್ರವೇ. ಬರೀ ನಾಣ್ಯ ತೋರಿಸಿ ಕಲಿಸಿದರೆ ಮಕ್ಕಳು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ ಅಂತ ನನಗನಿಸುತ್ತದೆ.

ಈಗ ಕೇರಂ ಕಾಯಿನ್. ಬಟ್ಟೆ ಚೀಲಕ್ಕೆ ಎರಡು ಬಿಳಿ, ಒಂದು ಕೆಂಪು ಹಾಕಿ. ನೋಡದೆ ಒಂದು ತೆಗೆದು, ಬಣ್ಣ ಬರೆದು, ವಾಪಸ್ ಹಾಕಿ, ಚೀಲ ಕುಲುಕಿ ಇನ್ನೊಂದು ತೆಗೆಯಿರಿ. ಎರಡೂ ಬಿಳಿ ಬರುವ ಸಾಧ್ಯತೆ 2/3 × 2/3 = 4/9. 36 ಸಲ ಆಡಿದರೆ ಸುಮಾರು 16 ಸಲ. ನಮಗೆ 19 ಬಂತು, ಅಷ್ಟು ಆಚೀಚೆ ಆಗುತ್ತದೆ ಬಿಡಿ.

ಆಮೇಲೆ ಇದನ್ನೇ ವಾಪಸ್ ಹಾಕದೆ ಆಡಿ. ಮೊದಲು ಬಿಳಿ ಬಂದರೆ ಒಳಗೆ ಉಳಿದದ್ದು ಒಂದು ಬಿಳಿ, ಒಂದು ಕೆಂಪು. ಹಾಗಾಗಿ 2/3 × 1/2 = 1/3, ಅಂದರೆ 36ಕ್ಕೆ 12ರ ಆಸುಪಾಸು. ಮೊದಲು ಕೆಂಪೇ ಬಂತಾ? ಹಾಗಾದರೆ ಮುಂದಿನದು ಬಿಳಿಯೇ, ಚೀಲಕ್ಕೆ ಕೈ ಹಾಕುವುದೇ ಬೇಡ. "ಓ, ಮೊದಲನೇದು ಎರಡನೇದನ್ನ ಬದಲಾಯಿಸಿಬಿಡ್ತು ಅಲ್ವಾ!" ಅಂದಳು. ಅವಲಂಬಿತ ಘಟನೆ ಅಂದರೆ ಅಷ್ಟೇ.

ಮಲಗುವ ಮುಂಚೆ ಅವಳದ್ದೇ ಒಂದು ಪ್ರಶ್ನೆ: ಇವತ್ತಿನ ಮಳೆ, ನಾಳಿನ ಮಳೆ ಬೀಜದ ಹಾಗೋ, ಚೀಲದ ಹಾಗೋ? ಚೀಲದ ಹಾಗೆ, ಮಳೆ ಬಂದ ದಿನದ ಮರುದಿನ ಮಳೆಯಾಗುವ ಸಾಧ್ಯತೆ ಒಣ ದಿನದ ಮರುದಿನಕ್ಕಿಂತ ಜಾಸ್ತಿ, ಎಣಿಸಿ ನೋಡು ಅಂದೆ. ಎಣಿಸಬಹುದು, ಆದರೆ ಜುಲೈನಲ್ಲಿ ನಮ್ಮೂರಲ್ಲಿ ಆ ಒಣ ದಿನ ಸಿಗಬೇಕಲ್ಲ.