ಸ್ಟಾಪ್‌ವಾಚ್ ಹಿಡ್ಕೊಂಡು ಅಲೆ, ಸದ್ದು, ಬೆಳಕು ಅಳೆಯೋದು ಹೇಗೆ?

ಫಿಸಿಕ್ಸ್ ಪುಸ್ತಕದಲ್ಲಿ ಅಲೆ ಅಂದ್ರೆ ಒಂದು ಸೊಟ್ಟ ಗೆರೆ ಎಳೆದು ತರಂಗಾಂತರ, ಆವರ್ತನ ಅಂತ ಬಾಣ ಹಾಕಿ ಬಿಟ್ಟಿರ್ತಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವ್ರಿಗೆ ಆ ಚಿತ್ರ ಯಾಕೆ ಬೇಕು ಹೇಳಿ, ಸಮುದ್ರಾನೇ ಎದುರಿಗಿದೆ. ಮೊಬೈಲ್, ಒಂದು ಟೇಪು, ಹಳೇ ಸಿಡಿ, ಕೆಂಪು ಲೇಸರ್ ಪಾಯಿಂಟರ್ ಇಷ್ಟಿದ್ರೆ ಸಾಕು. ಸೂತ್ರಾನೂ ಒಂದೇ: ವೇಗ ಅಂದ್ರೆ ತರಂಗಾಂತರ (ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗಿರೋ ಉದ್ದ) ಗುಣಿಸು ಆವರ್ತನ (ಸೆಕೆಂಡಿಗೆ ಎಷ್ಟು ಅಲೆ ಅನ್ನೋದು, ಅದರ ಅಳತೆ ಹರ್ಟ್ಸ್).

1. ಬೀಚಲ್ಲಿ ಎಣಿಸಿ

ಕಾರವಾರದ ಟಾಗೋರ್ ಬೀಚಲ್ಲಿ ದಂಡೆ ಮೇಲೆ ನಿಂತು, ಅಲೆ ಒಡೆಯೋದಕ್ಕಿಂತ ಸ್ವಲ್ಪ ಆಚೆ ತೇಲೋ ಏನಾದ್ರೂ ಒಂದನ್ನ ಗುರುತು ಮಾಡ್ಕೊಳ್ಳಿ, ಬಲೆಯ ಬೆಂಡಾದ್ರೂ ಆಯ್ತು, ಲಂಗರು ಹಾಕಿದ ದೋಣಿಯಾದ್ರೂ ಆಯ್ತು. ಅದು ಮೇಲೆ ಹೋಗತ್ತೆ, ಕೆಳಗೆ ಬರತ್ತೆ, ಸ್ವಲ್ಪ ಹಿಂದೆಮುಂದೆ ಓಲಾಡತ್ತೆ, ಆದ್ರೆ ಅಲೆ ಜೊತೆ ದಡಕ್ಕೆ ಓಡಿ ಬರಲ್ಲ. ಅಂದ್ರೆ ಅಲೇಲಿ ಸಾಗೋದು ಶಕ್ತಿ, ನೀರು ಹೆಚ್ಚುಕಡಿಮೆ ಇದ್ದಲ್ಲೇ ಇರತ್ತೆ. ಅದು ತುದಿಗೇರಿದಾಗ ಸೊನ್ನೆ ಅಂತ ಶುರು ಮಾಡಿ ಹತ್ತನೇ ಸಲ ತುದಿಗೇರೋ ತನಕ ಟೈಮ್ ಹಿಡೀರಿ. 80 ಸೆಕೆಂಡ್ ಬಂತು ಅಂತಿಟ್ಕೊಳ್ಳಿ, ಆಗ ಒಂದು ಅಲೆಗೆ 8 ಸೆಕೆಂಡು, ಆವರ್ತನ 0.125 ಹರ್ಟ್ಸ್.

ಈಗ ಮಜಾ ನೋಡಿ. ಆಳ ಸಮುದ್ರದಲ್ಲಿ ಅಲೆಯ ವೇಗ ಆ ಸೆಕೆಂಡನ್ನ 1.56ರಿಂದ ಗುಣಿಸಿದಷ್ಟು, ಹಾಗಾಗಿ ಇದೇ ಅಲೆ ಆಳದಲ್ಲಿದ್ದಾಗ ಸೆಕೆಂಡಿಗೆ 12.5 ಮೀಟರ್, ಅಂದ್ರೆ ಗಂಟೆಗೆ 45 ಕಿಲೋಮೀಟರ್ ಸ್ಪೀಡಲ್ಲಿತ್ತು, ಒಂದು ತುದಿಯಿಂದ ಇನ್ನೊಂದು ತುದಿಗೆ 100 ಮೀಟರ್ ಇತ್ತು. ದಡದ ಹತ್ರ ಕತೆ ಬೇರೆ, ಅಲ್ಲಿ ವೇಗ ಆಳದ ಮೇಲೆ ನಿಂತಿದೆ. ಆಳವನ್ನ 9.8ರಿಂದ ಗುಣಿಸಿ ವರ್ಗಮೂಲ ತಗೊಂಡ್ರೆ ಆಯ್ತು, 2 ಮೀಟರ್ ನೀರಲ್ಲಿ ಸೆಕೆಂಡಿಗೆ 4.4 ಮೀಟರ್. ಆದ್ರೆ 8 ಸೆಕೆಂಡಿಗೊಂದು ಅಲೆ ಬರೋದು ಬದಲಾಗಲ್ಲ, ಅದಕ್ಕೇ ಉದ್ದ 35 ಮೀಟರಿಗೆ ಕುಗ್ಗತ್ತೆ, ಕುಗ್ಗಿದ ಅಲೆ ಎತ್ತರ ಆಗತ್ತೆ, ಕೊನೆಗೆ ತಡೀಲಾರದೆ ಒಡೆಯತ್ತೆ. ಓರೆಯಾಗಿ ಬಂದ ಅಲೆಯೂ ದಡಕ್ಕೆ ಸಮಾನಾಂತರವಾಗಿ ತಿರುಗೋದೂ ಇದಕ್ಕೇ, ಮೊದಲು ಆಳ ಕಮ್ಮಿ ಇರೋ ಕಡೆ ಬಂದ ತುದಿ ನಿಧಾನ ಆಗತ್ತೆ, ಇನ್ನೊಂದು ತುದಿ ಬಂದು ಸೇರ್ಕೊಳ್ಳತ್ತೆ. ಮಳೆಗಾಲದಲ್ಲಿ ಈ ಎಣಿಕೆಯೆಲ್ಲ ದೂರದಲ್ಲಿ ನಿಂತೇ ಮಾಡಿ ಮಾರಾಯ್ರೆ, ನೀರಿಗಿಳಿಯೋ ಕೆಲಸ ಇದ್ರಲ್ಲಿ ಎಲ್ಲೂ ಇಲ್ಲ.

2. ಗೋಡೆಗೆ ಚಪ್ಪಾಳೆ

ಇಲ್ಲಿ ಸ್ವಲ್ಪ ತಾಳಜ್ಞಾನ ಬೇಕು. ಶಾಲೆ ಗ್ರೌಂಡಲ್ಲಿ ದೊಡ್ಡ ಗೋಡೆಯಿಂದ ಟೇಪಲ್ಲಿ ಅಳೆದು ಸರಿಯಾಗಿ 60 ಮೀಟರ್ ದೂರ ನಿಲ್ಲಿ, ಭಾನುವಾರ ಆದ್ರೆ ಒಳ್ಳೇದು, ಗಲಾಟೆ ಇರಲ್ಲ. ಜೋರಾಗಿ ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಕೇಳತ್ತೆ, ಆದ್ರೆ ಅದು ಬರೋಕೆ ಅರ್ಧ ಸೆಕೆಂಡೂ ಬೇಡ, ಸ್ಟಾಪ್‌ವಾಚಿಗೆ ಸಿಗಲ್ಲ. ಅದಕ್ಕೆ ಒಂದೇ ಲಯದಲ್ಲಿ ತಟ್ತಾ ಹೋಗಿ, ಎರಡು ಚಪ್ಪಾಳೆಗಳ ಸರಿಯಾಗಿ ನಡುವೆ ಪ್ರತಿಧ್ವನಿ ಬೀಳೋ ಹಾಗೆ. ಸದ್ದು ಗೋಡೆಗೆ ಹೋಗಿ ಬರೋದು 120 ಮೀಟರ್, ಅದು ಅರ್ಧ ಹೊತ್ತಲ್ಲಿ; ಆಗ ಒಂದು ಚಪ್ಪಾಳೆಯಿಂದ ಮುಂದಿನದಕ್ಕೆ ಆಗೋ ಹೊತ್ತಲ್ಲಿ ಸದ್ದು 240 ಮೀಟರ್ ಹೋಗಬಲ್ಲದು. ಲಯ ಕೂತ ಮೇಲೆ ಇನ್ನೊಬ್ರ ಹತ್ರ ಟೈಮ್ ಹಿಡಿಸಿ, ಒಂದು ಚಪ್ಪಾಳೆಗೆ ಸೊನ್ನೆ ಅಂತ ಶುರು ಮಾಡಿ 20 ಅನ್ನೋ ತನಕ. 14 ಸೆಕೆಂಡ್ ಆಸುಪಾಸು ಬರಬೇಕು. 240ರ 20 ಪಟ್ಟು, ಅಂದ್ರೆ 4800 ಮೀಟರನ್ನ 14ರಿಂದ ಭಾಗಿಸಿದ್ರೆ 343. ಗಾಳಿ 20 ಡಿಗ್ರಿ ಇದ್ದಾಗ ಸದ್ದಿನ ವೇಗ ಸೆಕೆಂಡಿಗೆ ಇಷ್ಟೇ, ನಮ್ಮ ಕರಾವಳಿಯ 30 ಡಿಗ್ರೀಲಿ 349.

ಬಿಸಿ ಗಾಳೀಲಿ ಸದ್ದು ಬೇಗ ಹೋಗೋದ್ರಿಂದಾನೇ ರಾತ್ರಿ ಯಕ್ಷಗಾನದ ಆಟದ ಚಂಡೆ ಅಷ್ಟು ದೂರ ಕೇಳೋದು. ಮೋಡ ಇಲ್ಲದ ರಾತ್ರಿ ಗದ್ದೆ ಬಯಲಲ್ಲಿ ನೆಲದ ಹತ್ರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೆ ಉಳಿಯತ್ತೆ, ಮೇಲಕ್ಕೆ ಹೋಗಬೇಕಿದ್ದ ಸದ್ದು ಬಾಗಿ ವಾಪಸ್ ನೆಲಕ್ಕೆ ಬರತ್ತೆ, ಬೀಚಲ್ಲಿ ಅಲೆ ತಿರುಗಿದ್ದೂ ಇದೇ ಲೆಕ್ಕ. ಊರೆಲ್ಲ ನಿಶ್ಶಬ್ದ ಇರೋದೂ ಒಂದು ಕಾರಣ ಬಿಡಿ.

ಶಿರಸಿ ಕಡೆಯವ್ರು ಏಪ್ರಿಲ್-ಮೇ ಗುಡುಗಲ್ಲೂ ಇದನ್ನ ನೋಡಬಹುದು: ಮಿಂಚು ಕಂಡ ಮೇಲೆ ಗುಡುಗು ಕೇಳೋ ತನಕ ಎಷ್ಟು ಸೆಕೆಂಡೋ ಅದನ್ನ 3ರಿಂದ ಭಾಗಿಸಿದ್ರೆ ಕಿಲೋಮೀಟರ್ ಸಿಗತ್ತೆ. ಮನೆಯೊಳಗೆ ಕೂತು ಎಣಿಸಿ.

3. ಸಿಡಿಯಲ್ಲಿ ಬೆಳಕು

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಚಪ್ಪಾಳೆ ತಟ್ಟಿದ್ರೆ ಆಗೋ ಕೆಲಸ ಅಲ್ಲ. ಆದ್ರೆ ಅದರ ತರಂಗಾಂತರ ಮನೇಲೇ ಅಳೀಬಹುದು. ಸಿಡಿಯ ಸಾಲುಗಳ ನಡುವೆ 1600 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಅಂತರ ಇರತ್ತೆ, ನಮಗೆ ಅದೇ ಸ್ಕೇಲು.

ಕತ್ತಲೆ ಕೋಣೇಲಿ ಸಿಡಿಯ ಹೊಳೆಯೋ ಮುಖ ಗೋಡೆ ಕಡೆ ಮಾಡಿ 1 ಮೀಟರ್ ದೂರದಲ್ಲಿ ನಿಲ್ಲಿಸಿ. ಗೋಡೆಗೆ ತಾಗಿಸಿ ಹಿಡಿದ ಲೇಸರನ್ನ ಸಿಡಿಯ ಎಡ ಅಥವಾ ಬಲ ಅಂಚಿನ ಮಧ್ಯಕ್ಕೆ ನೇರವಾಗಿ ಬಿಡಿ, ಬೆಳಕು ಲೇಸರ್ ಹತ್ರಾನೇ ವಾಪಸ್ ಬೀಳೋ ತನಕ ಸಿಡಿ ಅಡ್ಜಸ್ಟ್ ಮಾಡಿ. ಕಣ್ಣು ಆ ಎತ್ತರದಲ್ಲಿ ಇಡಬೇಡಿ, ಮಕ್ಕಳ ಕೈಗೆ ಲೇಸರ್ ಕೊಡಲೇಬೇಡಿ. ಪಕ್ಕಕ್ಕೆ 45 ಸೆಂಟಿಮೀಟರ್ ಹತ್ರ ಇನ್ನೊಂದು ಕೆಂಪು ಚುಕ್ಕೆ ಬಿದ್ದಿರತ್ತೆ. ಸಿಡಿಯಿಂದ ಆ ಚುಕ್ಕೆಗೆ ಓರೆಯಾಗಿ ಟೇಪ್ ಹಿಡಿದ್ರೆ 110. 45ನ್ನ 110ರಿಂದ ಭಾಗಿಸಿ 1600ರಿಂದ ಗುಣಿಸಿ, 655 ನ್ಯಾನೋಮೀಟರ್ ಬರತ್ತೆ. ಲೇಸರ್ ಮೇಲೆ 650 ಅಂತ ಬರ್ದಿದ್ರೆ ಟೇಪ್ ಅಳತೆಗೆ ಇದು ಚೆನ್ನಾಗೇ ಆಯ್ತು.

ಸಿಡಿ ಬದಲು ಡಿವಿಡಿ ಇಟ್ರೆ ಸಾಲುಗಳು ಇನ್ನೂ ಒತ್ತಾಗಿ, 740 ನ್ಯಾನೋಮೀಟರಿಗೊಂದು ಇರೋದ್ರಿಂದ ಚುಕ್ಕೆ 1.8 ಮೀಟರ್ ದೂರ ಹೋಗಿಬಿಡತ್ತೆ. ಗೋಡೆ ಸಾಲದಿದ್ರೆ ಡಿವಿಡಿಯನ್ನ ಅರ್ಧ ಮೀಟರಿಗೆ ಹತ್ರ ತನ್ನಿ.