ಕನ್ನಡಕ ಆರಿಸುವಾಗ ಹಾಕಿಕೊಳ್ಳುವವರ ಮುಖ ಅವರಿಗೇ ಕಾಣಬೇಕು

ಹಾಸನದಲ್ಲಿ ಬಿ.ಎಂ. ರಸ್ತೆಯ ಹತ್ತಿರ ನನ್ನದೊಂದು ಚಿಕ್ಕ ಕನ್ನಡಕದ ಅಂಗಡಿ ಇದೆ. ಬೇಲೂರು, ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಓದುವ ಹುಡುಗ ಹುಡುಗಿಯರೇ ಜಾಸ್ತಿ ಬರುತ್ತಾರೆ. ಅವರಲ್ಲಿ ದೂರದ್ದು ಮಸುಕಾಗಿ, ಪವರ್ ಮೈನಸ್ 5, 6 ದಾಟಿದವರು ತಮ್ಮ ಫ್ರೇಮನ್ನು ತಾವೇ ಆರಿಸಿರುವುದು ಅಪರೂಪ. ಕಾರಣ ಸರಳ. ಅಂಗಡಿಯ ಹೊಸ ಫ್ರೇಮಿನಲ್ಲಿ ಇರುವುದು ಪವರ್ ಇಲ್ಲದ ಪ್ಲಾಸ್ಟಿಕ್. ಅದನ್ನು ಹಾಕಿಕೊಂಡರೆ ಕನ್ನಡಿಯಲ್ಲಿ ಮುಖವೇ ಮಸುಕು. ಪಕ್ಕದಲ್ಲಿ ನಿಂತ ಅಮ್ಮನೋ ಗೆಳತಿಯೋ 'ಇದೇ ಚೆನ್ನಾಗಿದೆ' ಅಂದರೆ ಮುಗಿಯಿತು. ನನಗೆ ಇದು ಅನ್ಯಾಯ ಅನಿಸುತ್ತದೆ. ಇಡೀ ದಿನ ಮುಖದ ಮೇಲೆ ಇರುವ ವಸ್ತು ಅದು, ಅಲ್ವಾ?

ಹಾಗಾಗಿ ಪ್ರತಿ ಫ್ರೇಮ್ ಹಾಕಿಸಿ ಅವರದೇ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಆಮೇಲೆ ಹಳೇ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಲಿ. ಜೊತೆಗೆ ಬಂದವರಿಗೆ ಅಷ್ಟು ಹೊತ್ತು ಸುಮ್ನಿರಿ ಅಂತ ಕೇಳಿಕೊಳ್ಳುತ್ತೇನೆ.

ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ ಬಂದಿದ್ದಳು. ಮೈನಸ್ 7. 'ಸೋಡಾಬುಡ್ಡಿ ಅಂತಾರೆ ಸಾರ್, ಗ್ರೂಪ್ ಫೋಟೋ ಅಂದ್ರೆ ತೆಗೆದಿಟ್ಟುಬಿಡ್ತೀನಿ' ಅಂದಳು. ಅವಳ ಹಳೇ ಫ್ರೇಮಿನ ಕಡ್ಡಿಯ ಒಳಗೆ 54-18-140 ಅಂತ ಇತ್ತು. ಗಾಜಿನ ಅಗಲ 54 ಮಿ.ಮೀ., ಮೂಗಿನ ಮೇಲಿನ ಜಾಗ 18, ಕಡ್ಡಿಯ ಉದ್ದ 140. ಅವಳ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಬರೀ 60, ಅಂದರೆ ಫ್ರೇಮ್ ಅವಳಿಗೆ ತೀರಾ ಅಗಲ. ಮೈನಸ್ ಗಾಜು ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ಫ್ರೇಮ್ ದೊಡ್ಡದಾದರೆ ಆ ದಪ್ಪ ಅಂಚೇ ಹೊರಗೆ ಕಾಣುತ್ತದೆ. ಅವಳದ್ದು ಕಿವಿಯ ಕಡೆ ಸುಮಾರು 9 ಮಿ.ಮೀ. ಇತ್ತು. 46-20ರ ದುಂಡನೆ ಫ್ರೇಮಿಗೆ 1.67 ಇಂಡೆಕ್ಸ್ ಗಾಜು (ಅದೇ ಪವರಿಗೆ ಮಾಮೂಲಿಗಿಂತ ತೆಳುವಾಗಿ ಬರುವಂಥದ್ದು) ಹಾಕಿದರೆ ಆ ಅಂಚು 5 ಮಿ.ಮೀ. ಹತ್ತಿರ ಬರುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದೆ. ಅಮ್ಮನಿಗೆ ಅದು ತೀರಾ ಚಿಕ್ಕದು ಅನಿಸಿತು. ಹುಡುಗಿ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. 'ಅಮ್ಮ, ನಂಗಿದೇ ಇರ್ಲಿ' ಅಂದಳು.

ಮೈನಸ್ ಗಾಜಿನ ಹಿಂದೆ ಕಣ್ಣು ಸ್ವಲ್ಪ ಚಿಕ್ಕದಾಗಿ ಕಾಣುವುದು ಪೂರ್ತಿ ಹೋಗುವುದಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ ನೋಸ್ ಪ್ಯಾಡ್ ಸರಿಮಾಡಿ, ರೆಪ್ಪೆಗೆ ತಾಗದಷ್ಟು ಹತ್ತಿರ ಗಾಜು ಕೂರಿಸಿದರೆ ಎಷ್ಟೋ ವಾಸಿ. ಕಡ್ಡಿಯನ್ನು ಬಿಸಿ ಮಾಡಿ ಕಿವಿಯ ಹಿಂದೆ ಸರಿಯಾಗಿ ಬಗ್ಗಿಸಿದರೆ ಮಾತಾಡುವಾಗ ಪದೇ ಪದೇ ಮೇಲೆ ತಳ್ಳಿಕೊಳ್ಳುವ ಪಾಡೂ ತಪ್ಪುತ್ತದೆ.

ದುಡ್ಡು ಕಡಿಮೆ ಇದ್ದರೆ ನನ್ನ ಸಲಹೆ ಇಷ್ಟೇ: ಅಗ್ಗದ ಚಿಕ್ಕ ಫ್ರೇಮ್ ತಗೊಳ್ಳಿ, ಉಳಿದದ್ದನ್ನು ಗಾಜಿಗೆ ಹಾಕಿ. ಆಂಟಿ ಗ್ಲೇರ್ ಕೋಟಿಂಗ್ ಮಾತ್ರ ಬಿಡಬೇಡಿ. ಅದಿದ್ದರೆ ಟ್ಯೂಬ್‌ಲೈಟಿನ ಬೆಳಕು ಗಾಜಿನಲ್ಲಿ ಅಷ್ಟಾಗಿ ಹೊಳೆಯುವುದಿಲ್ಲ, ಎದುರಿನವರಿಗೆ ನಿಮ್ಮ ಕಣ್ಣು ಕಾಣುತ್ತದೆ.